ಸಾಲ ನನ್ನದೇ, ತಾರೀಖು ನನ್ನದಲ್ಲ

ಮೊದಲೇ ಹೇಳಿಬಿಡ್ತೀನಿ, ಆ ಸಾಲ ನಾನೇ ಮಾಡಿದ್ದು. 2016ರ ಏಪ್ರಿಲ್. ಕಲಬುರಗಿಯ ಏಪ್ರಿಲ್ ಅಂದರೆ ಗೊತ್ತಲ್ವಾ, ಬೆಳಿಗ್ಗೆ ತುಂಬಿಟ್ಟ ಮಡಕೆ ನೀರೂ ಮಧ್ಯಾಹ್ನ ಕುಡಿಯಲಿಕ್ಕೆ ಆಗಲ್ಲ. ಸೂಪರ್ ಮಾರ್ಕೆಟ್‌ನ ಒಂದು ಅಂಗಡಿಯಲ್ಲಿ 24,000 ರೂಪಾಯಿಯ ಫ್ರಿಜ್ ತಗೊಂಡೆ. ಅಂಗಡಿಯೊಳಗೇ ಮೇಜು ಹಾಕಿಕೊಂಡು ಕೂತಿದ್ದ ಫೈನಾನ್ಸ್ ಕಂಪನಿಯ ಹುಡುಗ ಹತ್ತು ಕಡೆ ಸಹಿ ಹಾಕಿಸಿಕೊಂಡ. ತಿಂಗಳಿಗೆ 2,000, ಹನ್ನೆರಡು ಕಂತು. ಏಳು ಕಂತು ಸರಿಯಾಗಿ ಹೋದವು.

ಎಂಟನೆಯದು ಡಿಸೆಂಬರ್‌ನಲ್ಲಿ ತಪ್ಪಿತು. ನವೆಂಬರ್ 8ಕ್ಕೆ ನೋಟು ರದ್ದಾಗಿತ್ತು. ನಾನು ಗಂಜ್‌ನ, ಅಂದರೆ ಧಾನ್ಯದ ಪೇಟೆಯ, ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಮುನೀಮ. ಗಂಜ್ ನಡೆಯೋದೇ ರೊಕ್ಕದ ಮೇಲೆ. ಹಮಾಲರಿಗೆ ಕೂಲಿ ಕೊಡಲಿಕ್ಕೇ ಸೇಠ್ ಒದ್ದಾಡುತ್ತಿದ್ದರು, ನಮ್ಮ ಪಗಾರದ ಮಾತು ಎಲ್ಲಿ ಬಂತು. ಅದರ ಮೇಲೆ ಆ ವರ್ಷ ತೊಗರಿ ಭರ್ಜರಿ ಬಂದು, ದರ ಬೆಂಬಲ ಬೆಲೆ 5,050ಕ್ಕಿಂತ ಕೆಳಗೆ ಹೋಯಿತು. ಐದು ಕಂತು, ಅಂದರೆ 10,000 ರೂಪಾಯಿ ಹಾಗೇ ಉಳಿಯಿತು. ಮುಂದೆ ಕೈಯಲ್ಲಿ ಸ್ವಲ್ಪ ರೊಕ್ಕ ಆಡಿದಾಗ ಕಟ್ಟಬಹುದಿತ್ತು. ಕಟ್ಟಲಿಲ್ಲ. ಅವರ ಫೋನ್ ನಿಂತಿತು, ನಾನೂ ಸುಮ್ನಾದೆ.

2025ರ ಜೂನ್‌ನಲ್ಲಿ ಮಗಳ ನರ್ಸಿಂಗ್ ಸೀಟಿಗೆ ಅಂತ ಬ್ಯಾಂಕಿಗೆ ಹೋದೆ. ಎಜುಕೇಶನ್ ಲೋನ್‌ಗೆ ಅಪ್ಪನ ಹೆಸರೂ ಸೇರಿಸಬೇಕಲ್ಲ. ಮ್ಯಾನೇಜರ್ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. "ಯಾನ್ರಿ ಇದು, ನಿಮ್ಮ ಮ್ಯಾಲೆ ಎರಡು ಲೋನ್ ಬಾಕಿ ಅದಾವಲ್ಲ. ಒಂದಂತೂ ಹೊಸದು ಅದ."

ಹೊಸದಾ? ಮನೆಗೆ ಬಂದು ನನ್ನ ಕ್ರೆಡಿಟ್ ರಿಪೋರ್ಟ್ ಇಳಿಸಿಕೊಂಡೆ, ಅಂದರೆ ನಾನು ಯಾರ ಹತ್ತಿರ ಎಷ್ಟು ಸಾಲ ತಗೊಂಡೆ, ಹೇಗೆ ಕಟ್ಟಿದೆ ಅನ್ನೋ ಲೆಕ್ಕ. ನಮ್ಮಲ್ಲಿ ಎಲ್ಲದಕ್ಕೂ ಸಿಬಿಲ್ ಅಂತೀವಿ, ಆದರೆ ಈ ಲೆಕ್ಕ ಇಡುವ ಕ್ರೆಡಿಟ್ ಕಂಪನಿಗಳು ನಾಲ್ಕಿವೆ. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು, 2017ರಿಂದ ರಿಸರ್ವ್ ಬ್ಯಾಂಕಿನ ನಿಯಮ. ನಾಲ್ಕನ್ನೂ ತೆಗೆಸಿದೆ. ತಪ್ಪು ಇದ್ದದ್ದು ಒಂದರಲ್ಲಿ, ಬ್ಯಾಂಕಿನವರು ನೋಡಿದ್ದೂ ಅದನ್ನೇ.

ಮೊದಲ ಖಾತೆ ಹಳೆ ಫೈನಾನ್ಸ್ ಕಂಪನಿಯದು. 2016ರದ್ದು, ರೈಟ್ ಆಫ್, ಅಂದರೆ ವಸೂಲಾಗದ ಸಾಲ ಅಂತ ಬರೆದಿತ್ತು, ಬಾಕಿಯೂ ತೋರಿಸುತ್ತಿತ್ತು. ಎರಡನೆಯದು ಹೆಸರೇ ನೆನಪಿಲ್ಲದ ಒಂದು ಎಆರ್‌ಸಿಯದು. ಬ್ಯಾಂಕು, ಫೈನಾನ್ಸ್ ಕಂಪನಿಗಳ ಕೆಟ್ಟ ಸಾಲ ಕೊಂಡುಕೊಳ್ಳುವ ಕಂಪನಿಗೆ ಹಾಗಂತಾರೆ. ಅದರಲ್ಲಿ ಸಾಲ ತೆಗೆದ ದಿನ 2022ರ ಮಾರ್ಚ್. ಬಾಕಿ 31,640. ಕೊನೆಯ ಕಂತು ಕಟ್ಟಿದ ದಿನದ ಜಾಗ ಖಾಲಿ. ಕೆಳಗೆ 36 ತಿಂಗಳ ಚೌಕಗಳು, ಒಂದೊಂದರಲ್ಲೂ ಬಾಕಿ, ಬಾಕಿ, ಬಾಕಿ. ನೋಡಿದವರಿಗೆ ಈ ಮನುಷ್ಯ 2022ರಲ್ಲಿ ಸಾಲ ತಗೊಂಡು ಒಂದು ಕಂತೂ ಕಟ್ಟಿಲ್ಲ ಅಂತಲೇ ಅನಿಸಬೇಕು.

2022ರ ಮಾರ್ಚ್‌ನಲ್ಲಿ ನಡೆದದ್ದು ಇಷ್ಟೇ. ಒಂದು ಕಂಪನಿ ನನ್ನ ಸಾಲವನ್ನು ಇನ್ನೊಂದಕ್ಕೆ ಮಾರಿತ್ತು. ಮಾರಿದ ದಿನವನ್ನೇ ಹುಟ್ಟಿದ ದಿನ ಮಾಡಿಬಿಟ್ಟಿದ್ದರು. ಫ್ರಿಜ್ ಅಷ್ಟರಲ್ಲಿ ಗುಜರಿಗೆ ಹೋಗಿಯಾಗಿತ್ತು. ನನ್ನ ಹೆಂಡತಿ ರಿಪೋರ್ಟ್ ನೋಡಿ ಒಂದೇ ಮಾತು ಅಂದಳು: "ಫ್ರಿಜ್ ಸತ್ತು ನಾಕ್ ವರ್ಷ ಆಯ್ತು, ಅದರ ಸಾಲ ಆಮ್ಯಾಲ ಹುಟ್ಯಾದ ಏನ್?"

ನನಗೆ ಸಿಟ್ಟು ಬಂದದ್ದು 31,640ಕ್ಕಲ್ಲ. ತಾರೀಖಿಗೆ. ದೀಪಾವಳಿಗೆ ನಾವು ಹೊಸ ಖಾತೆ ಪುಸ್ತಕ ತೆರೆಯುತ್ತೀವಿ. ಪಾರ್ಟಿಯ ಹಳೆ ಬಾಕಿಯನ್ನು ಹೊಸ ಪುಸ್ತಕಕ್ಕೆ ತರುವಾಗ ಹಿಂದಿನ ಬಾಕಿ ಅಂತಲೇ ಬರೆಯಬೇಕು. ಹೋದ ವರ್ಷದ ಬಾಕಿಯನ್ನು ನಾನು ಈ ವರ್ಷದ ವ್ಯಾಪಾರ ಅಂತ ಬರೆದರೆ ಸೇಠ್ ಅದೇ ದಿನ ನನ್ನ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸ್ತಾರೆ. ಮೊತ್ತ ತಪ್ಪಿದರೆ ಕೂಡಿ ಕಳೆದು ಹುಡುಕಬಹುದು. ತಾರೀಖು ತಿರುಚಿದರೆ ಇಡೀ ಪುಸ್ತಕದ ಮೇಲೇ ನಂಬಿಕೆ ಹೋಗ್ತದೆ.

ಹಳೆ ಸಾಲಕ್ಕೆ ಹೀಗೆ ಹೊಸ ತಾರೀಖು ಹಾಕೋದಕ್ಕೆ ರೀ-ಏಜಿಂಗ್ ಅಂತ ಹೆಸರಿದೆ ಅಂತ ಹೇಳಿದ್ದು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ. ಅಲ್ಲಿ ಇಂಥ ಬಾಕಿ ರಿಪೋರ್ಟ್‌ನಲ್ಲಿ ಇರೋದು ಏಳೇ ವರ್ಷವಂತೆ. ಮೊದಲ ಸಲ ಕಂತು ತಪ್ಪಿ 180 ದಿನ ಆದ ಮೇಲೆ ಎಣಿಕೆ ಶುರು. ಸಾಲ ಎಷ್ಟು ಕೈ ಬದಲಾದರೂ ಆ ಎಣಿಕೆ ಬದಲಾಗಬಾರದು ಅಂತ ಕಾಯ್ದೆಯೇ ಇದೆ. ನಮ್ಮಲ್ಲಿಯೂ ಏಳು ವರ್ಷ ಅನ್ನೋ ಮಾತಿದೆ, ಆದರೆ ಅದು ಕಡಿಮೆ ಅಂದರೂ ಅಷ್ಟು ವರ್ಷ ಮಾಹಿತಿ ಇಟ್ಟಿರಬೇಕು ಅಂತ. ಏಳು ವರ್ಷಕ್ಕೆ ಸಿಬಿಲ್ ತಾನೇ ಕ್ಲೀನ್ ಆಗ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ, ಅದನ್ನ ನಂಬಿ ಕೂರಬೇಡಿ.

ಇನ್ನು ನನ್ನ ಪೆದ್ದತನ ಕೇಳಿ. ಆನ್‌ಲೈನ್ ಡಿಸ್ಪ್ಯೂಟ್, ಅಂದರೆ ರಿಪೋರ್ಟ್ ತಪ್ಪಿದೆ ಅನ್ನೋ ತಕರಾರು, ಹಾಕುವಾಗ ಸಿಟ್ಟಿನಲ್ಲಿ "ಈ ಖಾತೆ ನನ್ನದಲ್ಲ" ಅನ್ನೋದನ್ನ ಆರಿಸಿದೆ. ಮೂರು ವಾರಕ್ಕೆ ಉತ್ತರ ಬಂತು: ಸಾಲ ಕೊಟ್ಟವರು ಪರಿಶೀಲಿಸಿದ್ದಾರೆ, ಮಾಹಿತಿ ಸರಿ ಇದೆ. ಸರಿಯೇ ಅಲ್ವಾ! ಹೆಸರು ನನ್ನದು, ಪ್ಯಾನ್ ನನ್ನದು, ಸಾಲವೂ ನನ್ನದು. ಅವರು ಕೇಳಿದ ಪ್ರಶ್ನೆಗೆ ನಾನೇ ಸುಳ್ಳು ಉತ್ತರ ಕೊಟ್ಟಿದ್ದೆ. ಕ್ರೆಡಿಟ್ ಕಂಪನಿ ತಾನಾಗಿ ಏನೂ ತಿದ್ದಲ್ಲ, ಸಾಲದ ಕಂಪನಿಯನ್ನು ಕೇಳುತ್ತದೆ, ಅವರು ಒಪ್ಪಿದರೆ ತಿದ್ದುತ್ತದೆ. ಅದಕ್ಕೇ ಏನು ತಪ್ಪು ಅಂತ ಬೆರಳಿಟ್ಟು ತೋರಿಸಬೇಕು.

ಅವ್ವನ ಟ್ರಂಕ್ ತೆರೆದೆ. ಇಳಕಲ್ ಸೀರೆಯ ಕೆಳಗೆ, ಬೇವಿನ ಎಲೆ ಪುಡಿಯ ನಡುವೆ ಹಳೆ ಪಾಸ್‌ಬುಕ್ ಸಿಕ್ಕಿತು. ಮಸಿ ಮಾಸಿ ಬೂದಿ ಬಣ್ಣ ಆಗಿತ್ತು. ಬಿಸಿಲಿಗೆ ಹಿಡಿದು ಓದಿದೆ. ಮೇ ತಿಂಗಳಿಂದ ನವೆಂಬರ್‌ವರೆಗೆ ಏಳು ಸಲ 2,000. ಆಮೇಲೆ 7-12-2016, ಇಸಿಎಸ್ ರಿಟರ್ನ್, ಅಂದರೆ ಖಾತೆಯಿಂದ ತಾನಾಗೇ ಹೋಗಬೇಕಿದ್ದ ಕಂತು ಹೋಗಲಿಲ್ಲ ಅಂತ, ಅದರ ಕೆಳಗೆ ಬ್ಯಾಂಕಿನ ದಂಡ. ಆ ಒಂದು ಸಾಲಿಗೆ ಅವತ್ತು ಎಷ್ಟು ಬೈದಿದ್ದೆನೋ, ಈಗ ಕಣ್ಣಿಗೊತ್ತಿಕೊಂಡೆ. ನಾನು ಯಾವಾಗ ತಪ್ಪಿದೆ ಅನ್ನೋದಕ್ಕೆ ಬ್ಯಾಂಕೇ ಸಾಕ್ಷಿ ಹೇಳಿತ್ತು. ಫ್ರಿಜ್ ಬಿಲ್ ಕೂಡ ಅಲ್ಲೇ ಇತ್ತು. ಎಆರ್‌ಸಿ ಕಳಿಸಿದ್ದ ನೋಟಿಸ್ ಹುಡುಕಿ ಎರಡೂ ಲೋನ್ ನಂಬರ್ ಒಂದರ ಕೆಳಗೆ ಒಂದು ಬರೆದೆ. ಮುಂದೆ ಒಂದು ಅಕ್ಷರ ಸೇರಿಸಿದ್ದರು, ಉಳಿದ ಅಂಕಿ ಎಲ್ಲ ಅವೇ.

ಜುಲೈ 21ಕ್ಕೆ ಎರಡನೇ ಡಿಸ್ಪ್ಯೂಟ್ ಹಾಕಿದೆ. ಎರಡೇ ಮಾತು. ಒಂದು, ಸಾಲ ತೆಗೆದ ದಿನ 2016ರ ಏಪ್ರಿಲ್, 2022 ಅಲ್ಲ. ಎರಡು, ಇವೆರಡೂ ಒಂದೇ ಸಾಲ, ಮಾರಿದವರ ಖಾತೆಯಲ್ಲಿ ಬಾಕಿ ಸೊನ್ನೆ ಆಗಬೇಕು. ಅದೇ ಕಾಗದಗಳನ್ನು ಎಆರ್‌ಸಿಗೂ ಹಳೆ ಕಂಪನಿಗೂ ಇಮೇಲ್ ಮಾಡಿದೆ, ರಿಜಿಸ್ಟರ್ ಪೋಸ್ಟ್‌ನಲ್ಲೂ ಕಳಿಸಿದೆ. ಪೋಸ್ಟಿನ ರಸೀದಿ ಜೋಪಾನ ಮಾಡಿದೆ. ಮುನೀಮನ ಚಟ.

ಇದರ ನಡುವೆ ವಸೂಲಿಯವರ ಫೋನ್. ಒಂದು ದಿನ ರಾತ್ರಿ ಎಂಟೂವರೆಗೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ನಿಯಮ ಇದೆ, ಯಾರು ಕೇಳ್ತಾರೆ. ಹುಡುಗ ಭಾಳ ಸವಿಯಾಗಿ ಮಾತಾಡಿದ. "ಸರ್, ಸುಮ್ನೆ ಟೋಕನ್ ಅಂತ 500 ಹಾಕ್ರಿ. ನಾವು ಕಳಿಸೋ ಲೆಟರ್‌ಗೆ ಒಂದು ಸೈನ್ ಮಾಡ್ರಿ. ರಿಪೋರ್ಟ್ ನಾವೇ ಸರಿ ಮಾಡಿಸ್ತೀವಿ."

500 ರೂಪಾಯಿ ಅಲ್ವಾ, ಹಾಕಿಬಿಡೋಣ ಅಂತ ಅನಿಸಿತ್ತು. ಪಕ್ಕದ ಮನೆ ವಕೀಲ ಹುಡುಗ ತಡೆದ. "ಕಾಕಾ, ಎಲ್ಲೂ ಸಹಿ ಹಾಕಬ್ಯಾಡ್ರಿ." ಇಂಥ ಸಾಲಕ್ಕೆ ಕೋರ್ಟಿಗೆ ಹೋಗಲು 1963ರ ಲಿಮಿಟೇಶನ್ ಕಾಯ್ದೆಯಲ್ಲಿ ಮೂರು ವರ್ಷ ಇದೆಯಂತೆ. ಆ ಅವಧಿಯೊಳಗೆ ಒಂದಿಷ್ಟು ಕಟ್ಟಿದರೆ ಮೂರು ವರ್ಷ ಮತ್ತೆ ಶುರುವಾಗುತ್ತದೆ. ನನ್ನದು ಯಾವಾಗಲೋ ಮುಗಿದಿತ್ತು. ಆದರೆ ಮುಗಿದ ಮೇಲೂ ಕಟ್ಟುತ್ತೇನೆ ಅಂತ ಬರೆದು ಸಹಿ ಹಾಕಿದರೆ ಅದು ಹೊಸ ಕರಾರು ಆಗುತ್ತದೆ, 1872ರ ಕರಾರು ಕಾಯ್ದೆಯ 25ನೇ ಕಲಂ. ಅಂದರೆ ರಿಪೋರ್ಟ್‌ನಲ್ಲಿ ಅವರು ಸುಳ್ಳಾಗಿ ಬರೆದಿದ್ದ ಹೊಸ ಸಾಲವನ್ನು ನಾನೇ ನನ್ನ ಕೈಯಾರೆ ನಿಜ ಮಾಡಿಕೊಡ್ತಿದ್ದೆ.

ಮೂವತ್ತು ದಿನ ಆದರೂ ಉತ್ತರ ಬರಲಿಲ್ಲ. ಇಲ್ಲಿ ಒಂದು ನಿಯಮ ಕೈಹಿಡಿಯಿತು. 2024ರ ಏಪ್ರಿಲ್‌ನಿಂದ, ಡಿಸ್ಪ್ಯೂಟ್ ಮೂವತ್ತು ದಿನದಲ್ಲಿ ಮುಗಿಯದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ ನಮಗೆ 100 ರೂಪಾಯಿ ಕೊಡಬೇಕು. ಸಾಲದ ಕಂಪನಿ 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸಬೇಕು, ಕಳಿಸದಿದ್ದರೆ ದಂಡ ಅವರದು. ಕಳಿಸಿಯೂ ಕ್ರೆಡಿಟ್ ಕಂಪನಿ ತಡ ಮಾಡಿದರೆ ದಂಡ ಇವರದು. 34ನೇ ದಿನ ಇಷ್ಟನ್ನೇ ಬರೆದು, ಮುಂದೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತ ಸೇರಿಸಿದೆ. ಕ್ರೆಡಿಟ್ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಅವರ ಕೈಕೆಳಗೆ ಬಂದಿವೆ. ಬೈಗುಳ ಒಂದೂ ಬರೆಯಲಿಲ್ಲ, ಬರೆದದ್ದನ್ನ ಹೆಂಡತಿ ಅಳಿಸಿದಳು.

41ನೇ ದಿನ ಮೆಸೇಜ್ ಬಂತು. ಸಾಲ ತೆಗೆದ ದಿನ 2016ರ ಏಪ್ರಿಲ್. ಹಳೆ ಕಂಪನಿಯ ಖಾತೆಯಲ್ಲಿ ಬಾಕಿ ಸೊನ್ನೆ. ನಾಲ್ಕು ದಿನ ಬಿಟ್ಟು ನನ್ನ ಖಾತೆಗೆ 1,100 ರೂಪಾಯಿ ಬಂದು ಬಿತ್ತು, ಹನ್ನೊಂದು ದಿನದ್ದು. ಎಂಟು ವರ್ಷ ಸಾಲ ಮುಳುಗಿಸಿದವನಿಗೆ ಸಾಲದವರಿಂದಲೇ ರೊಕ್ಕ! ಗಂಜ್‌ನಲ್ಲಿ ಇನ್ನೂ ಯಾರೂ ನಂಬಿಲ್ಲ.

ರಿಪೋರ್ಟ್ ಮೇಲೆ ಕೊಡುವ ಅಂಕ, ಅಂದರೆ ಸ್ಕೋರ್, ಅಂತೂ ಹಾರಲಿಲ್ಲ. ಬಾಕಿ ಬಾಕಿಯೇ ಇದೆಯಲ್ಲ. ಆದರೆ ಮ್ಯಾನೇಜರ್ ಈ ಸಲ ರಿಪೋರ್ಟ್ ಓದಿ, "ಓ, ಹಳೇ ಫ್ರಿಜ್ಜಿಂದಾ" ಅಂದರು. ಭಾಮೈದನನ್ನೂ ಜಾಮೀನಿಗೆ ಸೇರಿಸಿಕೊಂಡು ಮಗಳ ಸಾಲ ಪಾಸ್ ಮಾಡಿದರು.

ಎಆರ್‌ಸಿ ಜೊತೆ ಚೌಕಾಶಿ ನಡೀತಾನೇ ಇದೆ. ಅವರು 18,000ಕ್ಕೆ ಇಳಿದಿದ್ದಾರೆ, ನಾನು 10,000ದ ಮೇಲೆ ಕೂತಿದ್ದೀನಿ. ರಿಪೋರ್ಟ್‌ನಲ್ಲಿ ಸೆಟಲ್ಡ್ (ಕಡಿಮೆಗೆ ರಾಜಿ) ಅಂತ ಬರೀತಾರೋ ಕ್ಲೋಸ್ಡ್ (ಪೂರ್ತಿ ಚುಕ್ತಾ) ಅಂತ ಬರೀತಾರೋ, ಅದು ಮೊದಲು ಕಾಗದದ ಮೇಲೆ ಬರಲಿ ಅಂದಿದ್ದೀನಿ. ನಿನ್ನೆ ಹೊಸ ಹುಡುಗಿ ಫೋನ್ ಮಾಡಿದ್ದಳು.

"ಸರ್, ನಿಮ್ಮ 2022ರ ಲೋನ್ ಬಗ್ಗೆ..."

"ಹದಿನಾರರದ್ದವ್ವಾ. ಹಿಂದಿನ ಪುಟ ನೋಡು."