ಹ್ಯಾಂಡಲ್ ಹೊತ್ತ ಬೋಲ್ಟುಗಳು

ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿದ ಮೇಲೆ ವಿಶ್ವೇಶ್ವರಯ್ಯ ನಾಲೆಯ ಏರಿಯಲ್ಲಿ ಉಳಿಯುವ ಗಾಲಿಜಾಡು, ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗಿದರೆ ಕಲ್ಲಿನಷ್ಟೇ ಗಟ್ಟಿಯಾಗುತ್ತದೆ. ಕಳೆದ ವರ್ಷ ಪಾಂಡವಪುರದ ಕಡೆ ಅಂಥದೊಂದು ಜಾಡಿಗೆ ನನ್ನ ಬೈಕಿನ ಮುಂದಿನ ಚಕ್ರ ಸಿಕ್ಕಿ, ನಡೆಯುವ ವೇಗದಲ್ಲಿಯೇ ಎಡಕ್ಕೆ ಬಿದ್ದೆ. ಮೈಗೇನೂ ಆಗಲಿಲ್ಲ, ಆದರೆ ಗಾಡಿ ಎತ್ತಿ ಹೊರಟಾಗ ಚಕ್ರ ನೇರವಾಗಿದ್ದರೂ ಹ್ಯಾಂಡಲ್ ವಾರೆಯಾಗಿತ್ತು. ಹ್ಯಾಂಡಲ್ಲೇ ಬಗ್ಗಿದೆಯೆಂದು ಮೈಸೂರಿಗೆ ಬಂದು ಹೊಸದನ್ನು ಹಾಕಿಸಿದೆ. ಅದೂ ವಾರೆಯಾಗಿಯೇ ಕೂತಿತು. ಬಗ್ಗಿದ್ದು ಹ್ಯಾಂಡಲ್ ಅಲ್ಲ, ಅದನ್ನು ಹೊತ್ತು ಕೆಳಗಿರುವ ಮೌಂಟನ್ನು ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ) ಮೇಲ್ತಟ್ಟೆಗೆ ಬಿಗಿದಿದ್ದ ಬೋಲ್ಟು. ಫೋರ್ಕ್ ತನ್ನ ಹಿಡಿತದಲ್ಲಿ ತಿರುಚಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದಾದ್ದರಿಂದ, ಬಿದ್ದ ಮೇಲೆ ಎರಡನ್ನೂ ನೋಡದೆ ದುಡ್ಡು ಬಿಚ್ಚಬಾರದು.

ಮೌಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬೋಲ್ಟಿನ ಸುತ್ತ ರಬ್ಬರಿನ ಬಳೆ, ಅಂದರೆ ಬುಷ್, ಇರುತ್ತದೆ. ಇನ್ನೊಂದರಲ್ಲಿ ಲೋಹಕ್ಕೆ ಲೋಹ ನೇರವಾಗಿ ಕೂರುತ್ತದೆ. ಎರಡನೆಯದರಲ್ಲಿ ಚಕ್ರದ ಚಲನೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಎಂಜಿನ್ನಿನ ನಡುಕವೂ ಅಷ್ಟೇ ಸ್ಪಷ್ಟ. ನಾನು ಮಂಡ್ಯಕ್ಕೂ ಇದೇ ಗಾಡಿಯಲ್ಲಿ ಹೋಗಿಬರುವವನು (2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥ ಬೈಕಿನವರಿಗೆ ಮುಚ್ಚಿರುವುದರಿಂದ ಸರ್ವಿಸ್ ರಸ್ತೆಯ ಹಂಪುಗಳನ್ನೆಲ್ಲ ಎಣಿಸಿಕೊಂಡೇ ಹೋಗಬೇಕು), ಹಾಗಾಗಿ ಬುಷ್ ಇರುವುದನ್ನೇ ಉಳಿಸಿಕೊಂಡೆ. ಬುಷ್ ಹಳೆಯದಾದರೆ ಬಿರುಕು ಬಿಟ್ಟು ಸಡಿಲವಾಗುತ್ತದೆ: ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿದಾಗ ಮೌಂಟಿನ ಬುಡ ಅಲುಗಿದರೆ ಬದಲಿಸುವ ಕಾಲ ಬಂದಿದೆ.

ಕೊಳ್ಳುವಾಗ ಮೊದಲು ಹ್ಯಾಂಡಲ್ಲಿನ ದಪ್ಪ ನೋಡಬೇಕು. ಹಳೆಯ ಅಳತೆ 22.2 ಮಿ.ಮೀ.; ನಡುವೆ ದಪ್ಪಗಿರುವ ಹೊಸ ಬಗೆ 28.6 ಮಿ.ಮೀ. ನಿಂತು ಓಡಿಸುವವರು ಎತ್ತರಕ್ಕಾಗಿ ಹ್ಯಾಂಡಲ್ಲಿನ ಕೆಳಗೆ ರೈಸರ್ ಎಂಬ ತುಂಡನ್ನು ಹಾಕಿಸುತ್ತಾರೆ, ಮತ್ತು ಹೆಚ್ಚಿನವರು ಅತಿಯಾಗಿ ಎತ್ತರಿಸುತ್ತಾರೆ. ಎತ್ತರ ಹೆಚ್ಚಿದಷ್ಟೂ ಬಿದ್ದಾಗ ಬುಡದ ಬೋಲ್ಟಿನ ಮೇಲೆ ಬೀಳುವ ಮೀಟು ಬಲ ಹೆಚ್ಚುತ್ತದೆ, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳು ಬಿಗಿಯುತ್ತವೆ. ಎಂಜಿನ್ ಐಡಲ್‌ನಲ್ಲಿರುವಾಗ ಹ್ಯಾಂಡಲ್ಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆಯೆಂದೇ ಅರ್ಥ. ರೈಸರ್ ಬದಲು ಲೇತಿನಲ್ಲಿ ಕಡೆಸಿದ ಅಲ್ಯೂಮಿನಿಯಂ ತುಂಡಿನಿಂದಲೂ ಕೆಲಸ ನಡೆಯುತ್ತದೆ, ಆದರೆ ತುಂಡು ಎಷ್ಟು ಎತ್ತರವೋ ಬೋಲ್ಟೂ ಅಷ್ಟು ಉದ್ದವಾಗಬೇಕು. 8 ಮಿ.ಮೀ. ಬೋಲ್ಟು ಅಲ್ಯೂಮಿನಿಯಂ ಮರೆಯೊಳಗೆ (ಬೋಲ್ಟು ತಿರುಗಿ ಇಳಿಯುವ ಸುರುಳಿ ಗೀರಿನೊಳಗೆ) 12 ಮಿ.ಮೀ.ಯಾದರೂ ಇಳಿದಿರಲಿ.

ಬಿಗಿಯುವ ಕೆಲಸವನ್ನು ನಾನು ಈಗ ಯಾರಿಗೂ ಬಿಡುವುದಿಲ್ಲ. ಹ್ಯಾಂಡಲ್ಲನ್ನು ಮೌಂಟಿಗೆ ಅದುಮಿ ಹಿಡಿಯುವ ಮೇಲಿನ ತುಂಡೇ ಕ್ಲಾಂಪು. ಎಲೆನ್ ಕೀಗೆ ಪೈಪು ತೂರಿಸಿ, ಇವೆರಡರ ನಡುವಿನ ಮುಂದಿನ ಸಂದೂ ಹಿಂದಿನ ಸಂದೂ ಮುಚ್ಚುವವರೆಗೆ ತಿರುಗಿಸಿದ ಕ್ಲಾಂಪಿನ ಮರೆ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅನೇಕ ಗಾಡಿಗಳಲ್ಲಿ ಮೊದಲು ಮುಂದಿನ ಬೋಲ್ಟುಗಳನ್ನು ಬಿಗಿದು ಆ ಸಂದನ್ನು ಮುಚ್ಚಿ, ಆಮೇಲೆ ಹಿಂದಿನವನ್ನು ಬಿಗಿಯುವುದು ಕ್ರಮ. ಹಿಂದೆ ಸಂದು ಉಳಿಯಲೇಬೇಕು. ಇನ್ನು ಕೆಲವಕ್ಕೆ ಎರಡೂ ಕಡೆ ಸಮನಾಗಿರಬೇಕು. ನಿಮ್ಮದು ಯಾವುದೆಂಬುದನ್ನು ಗಾಡಿಯ ಪುಸ್ತಕದಲ್ಲಿ ನೋಡಿ, ಟಾರ್ಕನ್ನೂ (ಬಿಗಿಯುವ ತಿರುಚು ಬಲವನ್ನೂ) ಅದರಲ್ಲಿರುವಂತೆಯೇ ಇಡಿ, 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಇರುತ್ತದೆ. ಹ್ಯಾಂಡಲ್ ಕೂರುವ ತೋಡಿನಲ್ಲಿ ಗ್ರೀಸಾಗಲಿ ಕೆಸರಿನ ಪುಡಿಯಾಗಲಿ ಇದ್ದರೆ ಎಷ್ಟು ಬಿಗಿದರೂ ಜಾರುತ್ತದೆ, ಆದ್ದರಿಂದ ಒಣಬಟ್ಟೆಯಲ್ಲಿ ಒರೆಸಿಯೇ ಕೂರಿಸಬೇಕು.

ಬಿಗಿದಾದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಕ್ಲಾಂಪಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ. ಕಳೆದ ಭಾನುವಾರ ಮೇಲುಕೋಟೆಗೆ ಹೊರಡುವ ಮೊದಲು ನೋಡಿದಾಗ ಹಿಂದಿನ ಬಲ ಬೋಲ್ಟಿನ ಗೆರೆ ಕೂದಲೆಳೆಯಷ್ಟು ಸರಿದಿತ್ತು; ಹೊರಡುವುದು ಇಪ್ಪತ್ತು ನಿಮಿಷ ತಡವಾಯಿತು.