ಡ್ರಿಪ್ ಪೈಪಿನ ಸುಣ್ಣ, ಸಮುದ್ರದ ಹವಳ

ಹೋದ ಭಾನುವಾರ ಅಣ್ಣನ ತೋಟದಲ್ಲಿ ಡ್ರಿಪ್ ಪೈಪಿಗೆ ಆಸಿಡ್ ಬಿಡುವ ಕೆಲಸ ಇತ್ತು. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದು ಹೊಸದೇನಲ್ಲ. ನಮ್ಮ ಬೋರ್ ನೀರು ಗಡಸು. ಕೆಲವು ತಿಂಗಳು ಬಿಟ್ಟರೆ ಸಾಕು, ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿಕೊಂಡು ಸಾಲಿನ ಕೊನೆಯ ಗಿಡಗಳಿಗೆ ನೀರೇ ತಲುಪುವುದಿಲ್ಲ. ಅದಕ್ಕೆ ನೀರಿನ ಜೊತೆ ಆಸಿಡ್ ಸೇರಿಸಿ ಪೈಪಿಗೆ ಬಿಟ್ಟು, ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ಎಂಡ್ ಕ್ಯಾಪ್ ಬಿಚ್ಚಿ ತೊಳೆಯುತ್ತಾರೆ.

ಅಣ್ಣನ ಮಗಳು ಎಂಟನೇ ಕ್ಲಾಸು. ಹಳೇ ಪೈಪಿನ ತುಂಡೊಂದನ್ನು ಸೀಳಿ, ಒಳಗಿದ್ದ ಸುಣ್ಣದ ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿ ನನ್ನ ಅಂಗೈಗೆ ಹಾಕಿದಳು. ಮೊಟ್ಟೆ ಸಿಪ್ಪೆಯಷ್ಟು ದಪ್ಪ. ಕಲ್ಲಿನ ಮೇಲಿಟ್ಟು ನಿಂಬೆಹಣ್ಣು ಹಿಂಡಿದೆವು. ಸಣ್ಣ ಸಣ್ಣ ಗುಳ್ಳೆ ಎದ್ದವು, ನೋಡ್ತಾ ನೋಡ್ತಾ ಚಕ್ಕೆಯ ಅಂಚು ತೆಳುವಾಯಿತು.

"ಹವಳಾನೂ ಇದೇ ಸುಣ್ಣ ಅಲ್ವಾ ಅತ್ತೆ? ಸಮುದ್ರ ಹುಳಿ ಆಗ್ತಿದೆ ಅಂತ ಮಿಸ್ ಹೇಳಿದ್ರು. ಅದೂ ಹೀಗೇ ಬುಸ್ ಅಂತ ಕರಗಿಹೋಗುತ್ತಾ?"

ಅರ್ಧ ಸರಿ. ಪೈಪಿನಲ್ಲಿ ಕಟ್ಟುವುದೂ ಹವಳ ಕಟ್ಟುವುದೂ ಎರಡೂ ಕ್ಯಾಲ್ಸಿಯಂ ಕಾರ್ಬೋನೇಟ್. ಆದರೆ ಉಳಿದರ್ಧದಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ, ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಸಮುದ್ರ ಆಸಿಡ್ ಆಗಿಲ್ಲ. ನೀರು ಹುಳಿಯೋ ಕ್ಷಾರವೋ ಅಂತ ಅಳೆಯುವ ಲೆಕ್ಕ ಪಿಎಚ್, ಅದು ಏಳಕ್ಕಿಂತ ಮೇಲಿದ್ದರೆ ಕ್ಷಾರ. ಸಮುದ್ರದ ಮೇಲ್ಭಾಗದ ನೀರು ಮೊದಲು ಸುಮಾರು 8.2 ಇತ್ತು, ಕಾರ್ಖಾನೆಗಳ ಕಾಲ ಶುರುವಾದ ಮೇಲೆ ಇಳಿದು ಈಗ ಸುಮಾರು 8.1ಕ್ಕೆ ಬಂದಿದೆ. ಇನ್ನೂ ಕ್ಷಾರವೇ. 0.1 ಅಂದ್ರೆ ಅದೇನು ಮಹಾ ಅನ್ನಿಸಬಹುದು, ಆದರೆ ಪಿಎಚ್ ಲೆಕ್ಕವೇ ಬೇರೆ, ಅಲ್ಲಿ ಒಂದು ಅಂಕ ಇಳಿದರೆ ಆಮ್ಲದ ಅಂಶ ಹತ್ತು ಪಟ್ಟು ಏರುತ್ತದೆ. 0.1 ಇಳಿದರೆ ಶೇ 25ಕ್ಕೂ ಜಾಸ್ತಿ.

ಈ ಹುಳಿ ಬಂದಿದ್ದು ಗಾಳಿಯಿಂದ. ಸಾದಾ ಸೋಡಾ ಕುಡಿದರೆ ನಾಲಿಗೆಗೆ ಚುರುಕ್ ಅನ್ನುವ ಹುಳಿ ಇರುತ್ತದಲ್ಲ, ಅದು ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿ ಆದದ್ದು. ನಮ್ಮ ಗಾಡಿ, ಕಾರ್ಖಾನೆ, ಕಲ್ಲಿದ್ದಲಿನ ಹೊಗೆಯಿಂದ ಗಾಳಿಯಲ್ಲಿ ಆ ಅನಿಲ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು ಈಗ 420 ದಾಟಿದೆ. ನಾವು ಬಿಡುವುದರಲ್ಲಿ ಹತ್ತಿರ ಹತ್ತಿರ ಕಾಲು ಭಾಗವನ್ನು ಸಮುದ್ರ ಕುಡಿಯುತ್ತಿದೆ. ಅದು ಕುಡಿಯದಿದ್ದರೆ ನಮಗೆ ಇನ್ನೂ ಸೆಕೆ ಆಗುತ್ತಿತ್ತು.

ಹವಳದ ಹುಳು ಗೂಡು ಕಟ್ಟುವುದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೋನೇಟ್ ತಗೊಂಡು. ಹುಳಿ ಜಾಸ್ತಿಯಾದಾಗ ಅದು ಹೋಗಿ ಕಾರ್ಬೋನೇಟನ್ನೇ ಹಿಡಿದುಕೊಂಡು ಬೈಕಾರ್ಬೋನೇಟ್ ಮಾಡಿಬಿಡುತ್ತದೆ. ಮನೆ ಕಟ್ಟುವ ಕಡೆ ಮರಳು ಬೇಕಾದಷ್ಟು ಬಿದ್ದಿದೆ, ಇಟ್ಟಿಗೆ ಮಾತ್ರ ಲಾರಿಯಿಂದ ಇಳಿಯುವ ಮೊದಲೇ ಯಾರೋ ಹೊತ್ತುಕೊಂಡು ಹೋಗುತ್ತಿದ್ದಾರೆ ಅಂದುಕೊಳ್ಳಿ. ಹವಳ ಕಟ್ಟುತ್ತದೆ, ಆದರೆ ನಿಧಾನವಾಗಿ, ಜಾಸ್ತಿ ಶಕ್ತಿ ಸುರಿದು. ಮರುವಾಯಿ, ಬೆಳಚಿನಂಥ ಚಿಪ್ಪಿನ ಜೀವಿಗಳದ್ದೂ ಇದೇ ಪಾಡು, ಅದರಲ್ಲೂ ಮರಿಗಳದ್ದು. ಹುಳಿ ಇನ್ನೂ ಏರಿದರೆ ಸತ್ತ ಹವಳದ ಹಳೇ ಸುಣ್ಣ ಕರಗುವುದೂ ಜೋರಾಗುತ್ತದೆ.

ಇದು ಸುಮ್ನೆ ಲ್ಯಾಬಿನ ಮಾತಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒನ್ ಟ್ರೀ ಐಲ್ಯಾಂಡ್ ಅಂತ ಒಂದು ದ್ವೀಪ. ಅಲ್ಲಿ ವಿಜ್ಞಾನಿಗಳು ಅಣ್ಣ ಮಾಡಿದ್ದರ ಉಲ್ಟಾ ಮಾಡಿದರು. ಹವಳದ ಮೇಲೆ ಹರಿಯುವ ನೀರಿಗೆ ಸ್ವಲ್ಪ ಸ್ವಲ್ಪ ಕ್ಷಾರ ಬಿಟ್ಟು, ನೀರನ್ನು ಕಾರ್ಖಾನೆಗಳ ಕಾಲಕ್ಕಿಂತ ಮುಂಚಿನ ಸ್ಥಿತಿಯ ಹತ್ತಿರಕ್ಕೆ ತಂದರು. ಸುಣ್ಣ ಕಟ್ಟುವುದು ಸುಮಾರು ಶೇ 7ರಷ್ಟು ಏರಿತು. ಅಂದ್ರೆ ಅಷ್ಟು ಕೆಲಸ ನಾವು ಆಗಲೇ ಕಿತ್ತುಕೊಂಡಿದ್ದೇವೆ. ಇದು ಪ್ರಕಟವಾಗಿದ್ದು 2016ರಲ್ಲಿ. ಆಮೇಲೆ ಅಲ್ಲೇ ಇಂಗಾಲದ ಡೈಆಕ್ಸೈಡ್ ಬಿಟ್ಟು, ಈ ಶತಮಾನದ ಕೊನೆಗೆ ಬರಬಹುದಾದ ನೀರಿನಂತೆ ಮಾಡಿ ನೋಡಿದರು. ಶೇ 34ರಷ್ಟು ಇಳಿಯಿತು. ಈ ಎರಡನ್ನು ಓದಿದ ದಿನ ನನಗೆ ನಿದ್ದೆ ಸರಿ ಬರಲಿಲ್ಲ.

ಹವಳ ಬಿಳಿಚಿಕೊಳ್ಳುವುದು ಬೇರೆ, ಅದು ನೀರು ಬಿಸಿಯಾಗಿ ಆಗುವುದು. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಆಯಿತು. ಬಿಸಿಗೆ ಸತ್ತಿದ್ದನ್ನು ಮತ್ತೆ ಕಟ್ಟಬೇಕಾದ ಹೊತ್ತಿಗೇ ಇಟ್ಟಿಗೆ ಸಿಗುತ್ತಿಲ್ಲ. ನಮ್ಮ ಕರ್ನಾಟಕದಲ್ಲೂ ಹವಳ ಇದೆ, ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತ. ನಮ್ಮ ಕಡೆ ಹೇಳಿದರೆ ಬಹಳ ಜನ ನಂಬುವುದಿಲ್ಲ.

ಅಣ್ಣ ಅಷ್ಟೂ ಕೇಳಿಸಿಕೊಂಡು, "ಸಮುದ್ರಕ್ಕೂ ನಮಗೂ ಏನಮ್ಮಾ ಸಂಬಂಧ" ಅಂದ. ಇದೆ. ದಡದ ಹತ್ತಿರದ ನೀರಿಗೆ ಗಾಳಿಯ ಜೊತೆ ಹೊಳೆಯೂ ಹುಳಿ ತರುತ್ತದೆ. ಹೊಲದ ಯೂರಿಯಾ, ಊರಿನ ಚರಂಡಿ ಹರಿದುಹೋಗಿ ಅಲ್ಲಿ ಪಾಚಿ ಬೆಳೆಯುತ್ತದೆ, ಪಾಚಿ ಸತ್ತು ಕೊಳೆಯುವಾಗ ಅದೇ ಅನಿಲ ನೀರೊಳಗೇ ಬಿಡುಗಡೆಯಾಗುತ್ತದೆ. ನಮ್ಮ ನಂದಿ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ, ಆಂಧ್ರ ಹೊಕ್ಕು, ನೆಲ್ಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುವ ಹೊಳೆ. ಮುಕ್ಕಾಲು ವರ್ಷ ಅದರಲ್ಲಿ ಬರೀ ಮರಳು, ನಿಜ. ಆದರೆ 2021ರ ಮಳೆಗೆ ಹೇಗೆ ಹರಿಯಿತು ಅಂತ ನೋಡಿದ್ದೇವಲ್ಲ.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಣ್ಣು ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಗೊಬ್ಬರ ಬಿಡ್ತಿದ್ದೀನಿ ಅಂತ ತಾನೇ ಹೇಳಿದ. ಸಂಜೆ ತೋಟದ ನಾಲ್ಕೈದು ಕಡೆ ಗುಂಡಿ ತೆಗೆದು ಮಣ್ಣು ಎತ್ತಿದೆವು. ಚೀಲಕ್ಕೆ ತುಂಬಿ ಚೀಟಿ ಬರೆದದ್ದು ಅಣ್ಣನ ಮಗಳು. ಉಳಿದ ಸುಣ್ಣದ ಚಕ್ಕೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡಿದ್ದಾಳೆ, ಮಿಸ್‌ಗೆ ತೋರಿಸುವುದಕ್ಕೆ.