ಸಿಲಿಕೋನ್ ಇರೋ ಮೇಕಪ್ ಹಾಕ್ಕೊಂಡ್ರೆ ಚರ್ಮ ಹಾಳಾಗುತ್ತಾ?

ಹಾಸನದಲ್ಲಿ ಮದುವೆ ಸೀಸನ್ ಶುರುವಾಯಿತು ಅಂದರೆ ನನ್ನ ಪಾರ್ಲರಿನಲ್ಲಿ ಈ ಪ್ರಶ್ನೆಯೂ ಶುರು. "ಅಕ್ಕಾ, ಈ ಪ್ರೈಮರ್‌ನಲ್ಲಿ ಸಿಲಿಕೋನ್ ಇದೆಯಂತೆ. ಮುಖಕ್ಕೆ ಪ್ಲಾಸ್ಟಿಕ್ ಬಳಿದ ಹಾಗಂತೆ. ಚರ್ಮಕ್ಕೆ ಉಸಿರು ಕಟ್ಟಲ್ವಾ?" ಜೊತೆಗೆ ಬಂದ ಚಿಕ್ಕಮ್ಮ "ಎಲ್ಲಾ ಕೆಮಿಕಲ್ಲು ಕಣೇ, ನಮ್ಮ ಕಾಲದಲ್ಲಿ ಕಡಲೆಹಿಟ್ಟು ಸಾಕಾಗಿತ್ತು" ಅಂತ ಒಗ್ಗರಣೆ ಹಾಕುತ್ತಾರೆ.

ಧೈರ್ಯವಾಗಿ ಹಾಕ್ಕೊಳ್ಳಿ ಅನ್ನುತ್ತೇನೆ. ಆದರೆ ರಾತ್ರಿ ತೆಗೆಯದೆ ಮಲಗಬೇಡಿ.

ಫೌಂಡೇಶನ್‌ಗೆ ಮೊದಲು ಮುಖಕ್ಕೆ ಹಚ್ಚುವುದೇ ಪ್ರೈಮರ್. ಯಾವುದಾದರೂ ಪ್ರೈಮರ್ ಡಬ್ಬಿ ತಿರುಗಿಸಿ ನೋಡಿ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಡೈಮೆಥಿಕೋನ್, ಸೈಕ್ಲೋಪೆಂಟಾಸಿಲೋಕ್ಸೇನ್ ಅಂತೆಲ್ಲ ಇರುತ್ತದೆ. ಹೆಸರಿನ ಕೊನೆಗೆ 'ಕೋನ್' ಅಥವಾ 'ಸಿಲೋಕ್ಸೇನ್' ಬಂದರೆ ಹೆಚ್ಚುಕಮ್ಮಿ ಅದು ಸಿಲಿಕೋನೇ. ಜಾಸ್ತಿ ಇರುವ ಪದಾರ್ಥದ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಒಂದು ಹನಿ ತಗೊಂಡು ಎರಡು ಬೆರಳ ನಡುವೆ ಉಜ್ಜಿ. ಎಣ್ಣೆಯ ಜಿಡ್ಡಿಲ್ಲ, ನೀರಿನ ತಂಪಿಲ್ಲ, ಸುಮ್ನೆ ಜಾರುತ್ತದೆ. ಸೈಕ್ಲೋಪೆಂಟಾಸಿಲೋಕ್ಸೇನ್ ಸ್ವಲ್ಪ ಹೊತ್ತಿಗೆ ಗಾಳಿಗೆ ಹಾರಿಹೋಗುತ್ತದೆ, ಡೈಮೆಥಿಕೋನ್ ತೆಳ್ಳಗೆ ಪದರವಾಗಿ ಉಳಿಯುತ್ತದೆ.

ಇನ್ನು ಉಸಿರಿನ ವಿಷಯ. ಚರ್ಮಕ್ಕೆ ಬೇಕಾದ ಆಮ್ಲಜನಕ ಬರುವುದು ಬಹುಪಾಲು ರಕ್ತದಿಂದ. ತೀರಾ ಮೇಲಿನ ತೆಳು ಪದರ ಮಾತ್ರ ಗಾಳಿಯಿಂದ ತಗೊಳ್ಳುತ್ತದೆ. ಸಿಲಿಕೋನ್ ಅದನ್ನೂ ತಡೆಯುವುದಿಲ್ಲ. ಈಗಿನ ಎಷ್ಟೋ ಕಾಂಟ್ಯಾಕ್ಟ್ ಲೆನ್ಸ್‌ಗಳಿಗೆ ಸಿಲಿಕೋನ್ ಸೇರಿಸುವುದೇ ಕಣ್ಣಿಗೆ ಗಾಳಿ ಚೆನ್ನಾಗಿ ದಾಟಲಿ ಅಂತ. ಡೈಮೆಥಿಕೋನ್‌ನ ಅಣು ದೊಡ್ಡದು, ಚರ್ಮದೊಳಕ್ಕೆ ಇಳಿಯುವುದಿಲ್ಲ. ಅಮೆರಿಕದಲ್ಲಿ ಔಷಧಿ, ಆಹಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನು ಶೇ. 1ರಿಂದ 30ರ ಪ್ರಮಾಣದವರೆಗೆ ಚರ್ಮ ಕಾಪಾಡುವ ಪದಾರ್ಥ ಅಂತಲೇ ಒಪ್ಪಿಕೊಂಡಿದೆ. ಮಕ್ಕಳ ಡೈಪರ್ ಕ್ರೀಮಿನಲ್ಲೂ ಇರುತ್ತದೆ. ಆಪರೇಷನ್ ಆದಮೇಲೆ ಕಲೆ ಉಬ್ಬದಿರಲಿ ಅಂತ ಡಾಕ್ಟರು ಬರೆದುಕೊಡುವ ಜೆಲ್ ಕೂಡ ಸಿಲಿಕೋನಿನದೇ.

ಹಾಗಾದರೆ ಮೇಕಪ್ ಹಾಕ್ಕೊಂಡ ಮೇಲೆ ಕೆಲವರಿಗೆ ಗುಳ್ಳೆ ಏಳುವುದು ಯಾಕೆ? ನಮ್ಮ ಕಡೆಯ ಮದುವೆ ನೆನಪಿಸಿಕೊಳ್ಳಿ. ಬೆಳಗಿನ ಜಾವ ಮುಹೂರ್ತದ ಮೇಕಪ್, ಹೋಮದ ಹೊಗೆ, ಧಾರೆ, ಊಟ. ಸಂಜೆ ಅದರ ಮೇಲೇ ಇನ್ನೊಂದು ಸಲ ಬಳಿದು ರಿಸೆಪ್ಷನ್. ರಾತ್ರಿ ಛತ್ರದಿಂದ ಮನೆಗೆ ಬಂದ ಹುಡುಗಿಗೆ ಹೂವು, ಪಿನ್ನು ಬಿಚ್ಚುವಷ್ಟರಲ್ಲೇ ಸಾಕಾಗಿರುತ್ತದೆ. ಮುಖಕ್ಕೆ ನಾಲ್ಕು ಸಲ ನೀರು ಎರಚಿಕೊಂಡು ಮಲಗುತ್ತಾಳೆ. ನೀರಿಗೆ ಜಗ್ಗದ ಮೇಕಪ್ ಅದು, ಎಲ್ಲಿಗೆ ಹೋಗುತ್ತದೆ? ಬೆವರು, ಧೂಳು, ಜಿಡ್ಡು ಎಲ್ಲಾ ಅದರ ಜೊತೆಗೇ ಬೆಳಗಿನವರೆಗೆ ಇರುತ್ತದೆ.

ತೆಗೆಯುವ ಕ್ರಮ ಕಷ್ಟದ್ದೇನಲ್ಲ. ಮುಖವೂ ಕೈಯೂ ಒಣಗಿರುವಾಗ ಕ್ಲೆನ್ಸಿಂಗ್ ಆಯಿಲ್ ಅಥವಾ ಬಾಮ್ ಹಚ್ಚಿ ನಿಧಾನಕ್ಕೆ ತಿಕ್ಕಿ. ಮೇಕಪ್ ಕರಗಿದ ಮೇಲೆ ನೀರು ಮುಟ್ಟಿಸಿ, ಆಮೇಲೆ ಸಾಧಾರಣ ಫೇಸ್‌ವಾಶ್. ಕೊಬ್ಬರಿ ಎಣ್ಣೆ ಆಗುತ್ತಾ ಅಂತ ಕೇಳುತ್ತೀರಿ. ಮೇಕಪ್ ಬಿಡುತ್ತದೆ, ಆದರೆ ಮೊಡವೆ ಮುಖದವರಿಗೆ ಬೇಡ. ನನ್ನ ಕೇಳಿದರೆ ರಂಧ್ರ ಕಟ್ಟುವುದರಲ್ಲಿ ಸಿಲಿಕೋನಿಗಿಂತ ಕೊಬ್ಬರಿ ಎಣ್ಣೆಯೇ ಮುಂದು. (ಚಿಕ್ಕಮ್ಮಂದಿರು ಇದನ್ನು ಒಪ್ಪುವುದಿಲ್ಲ.)

ಪ್ರೈಮರ್ ಮೇಲೆ ಫೌಂಡೇಶನ್ ರಬ್ಬರ್ ಪುಡಿ ಥರ ಉದುರಿದರೆ ಅದು ಅಲರ್ಜಿ ಅಲ್ಲ. ಒಂದು ಪದರ ಕೂರುವ ಮೊದಲೇ ಇನ್ನೊಂದು ಹಚ್ಚಿದ್ದೀರಿ, ಇಲ್ಲವೇ ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ, ಅಷ್ಟೇ.

ಹಾಗಂತ ಎಲ್ಲಾ ಸಿಲಿಕೋನಿಗೂ ನಾನು ಕ್ಲೀನ್ ಚಿಟ್ ಕೊಡುವುದಿಲ್ಲ. ಸೈಕ್ಲೋಟೆಟ್ರಾಸಿಲೋಕ್ಸೇನ್ ಅನ್ನುವುದು ಗರ್ಭಧಾರಣೆಯ ಶಕ್ತಿಗೆ ತೊಂದರೆ ಮಾಡಬಹುದು ಅನ್ನುವ ಅನುಮಾನದಿಂದ ಯುರೋಪಿನಲ್ಲಿ ಮೇಕಪ್ ಸಾಮಾನಿಗೆ ಹಾಕುವಂತಿಲ್ಲ. ಸೈಕ್ಲೋಪೆಂಟಾಸಿಲೋಕ್ಸೇನ್‌ದು ಬೇರೆ ಕತೆ. ಅದರ ಮೇಲಿನ ದೂರು ನೀರಿನದು: ಹೊಳೆ, ಕೆರೆ ಸೇರಿದರೆ ಬೇಗ ಕೊಳೆಯುವುದಿಲ್ಲ, ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಶಾಂಪೂ, ಫೇಸ್‌ವಾಶ್‌ನಂಥ ತೊಳೆದುಬಿಡುವ ಸಾಮಾನಿನಲ್ಲಿ ಶೇ. 0.1ಕ್ಕಿಂತ ಕಡಿಮೆ ಇರಬೇಕು ಅಂತ ಯುರೋಪ್ 2020ರಲ್ಲೇ ಮಿತಿ ಹಾಕಿತು. ಕ್ರೀಮು, ಪ್ರೈಮರ್‌ಗಳಿಗೂ 2027ರ ಜೂನ್‌ನಿಂದ ಅದೇ ಮಿತಿ. ಡೈಮೆಥಿಕೋನ್‌ಗೆ ಈ ತಕರಾರಿಲ್ಲ. ನಾನು ಹೊಸ ಸಾಮಾನು ತರಿಸುವಾಗ ಅದು ಮಾತ್ರ ಇರುವುದನ್ನೇ ಹುಡುಕುತ್ತೇನೆ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಸಿಲಿಕೋನ್ ಬಗ್ಗೆ ಇಷ್ಟು ವಿಚಾರಿಸುವ ಹುಡುಗಿಯ ಬ್ಯಾಗಿನಲ್ಲಿ ಕೆಲವೊಮ್ಮೆ ಹೆಸರು, ಪಟ್ಟಿ ಎರಡೂ ಇಲ್ಲದ 'ಬೆಳ್ಳಗಾಗುವ ಕ್ರೀಂ' ಡಬ್ಬಿ ಇರುತ್ತದೆ. ಇಲ್ಲವೇ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಟ್ಯೂಬು. ತಿಂಗಳುಗಟ್ಟಲೆ ಹಚ್ಚಿದ ಕೆನ್ನೆ ತೆಳ್ಳಗಾಗಿ, ಕೆಂಪು ನರ ಕಾಣುತ್ತಿರುತ್ತದೆ. ಬಿಸಿಲಿಗೆ ಹೋದರೆ ಉರಿ. ಅಂಥ ಮುಖಕ್ಕೆ ನಾನು ಫೇಶಿಯಲ್ ಮಾಡುವುದಿಲ್ಲ, ಬ್ಲೀಚ್ ಅಂತೂ ಇಲ್ಲವೇ ಇಲ್ಲ. ಮೊದಲು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ವಾಸಿಯಾಗೋಕೆ ತಿಂಗಳುಗಳೇ ಬೇಕಾಗುತ್ತವೆ, ಅದಕ್ಕೇ ಲಗ್ನಪತ್ರಿಕೆ ಆದ ಕೂಡಲೇ ಒಂದು ಸಲ ಬಂದು ಮುಖ ತೋರಿಸಿ ಅನ್ನುತ್ತೇನೆ.